ಲೋಟದೊಳಗೆ ಏರಿದ ನೀರು



ತಟ್ಟೆಯ ನೀರಿನ ನಡುವೆ ಉರಿಯುವ ಮೇಣದಬತ್ತಿ. ಮೇಲೆ ಬೋರಲು ಹಾಕಿದ ಗಾಜಿನ ಲೋಟ. ದೀಪ ಆರಿತು, ನೀರು ಏರಿತು. ಗಾಳಿಯಲ್ಲಿ ಐದರಲ್ಲೊಂದು ಪಾಲಾದ ಆಮ್ಲಜನಕ ಮುಗಿದು, ಆ ಸ್ಥಳವನ್ನು ನೀರು ತುಂಬಿತೆಂದರು ಮೇಷ್ಟರು, ಬರೆದುಕೊಂಡೆವು. ಉರಿಯುವಾಗ ಸುಮ್ಮನಿದ್ದ ನೀರು ಆರಿದ ಮೇಲೆಯೇ ಏಕೆ ಧಾವಿಸಿತು? ಕೇಳುವ ಧೈರ್ಯ ನನಗಿರಲಿಲ್ಲ. ಸಂದೇಹ ವರ್ಷಗಟ್ಟಲೆ ಉಳಿಯಿತು.

ಶೇಕಡಾ 21ರಷ್ಟಿದ್ದ ಆಮ್ಲಜನಕ ಸುಮಾರು 16ಕ್ಕೆ ಇಳಿದೊಡನೆ ಬತ್ತಿ ನಂದುತ್ತದೆ. ಪೂರ್ತಿ ಮುಗಿಯುವುದೇ ಇಲ್ಲ. ಕಾದು ಹಿಗ್ಗಿದ ಗಾಳಿ ಮೊದಲೇ ಗುಳ್ಳೆಗಳಾಗಿ ಹೊರಬಿದ್ದಿರುತ್ತದೆ. ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡವು ನೀರನ್ನು ಒಳಕ್ಕೆ ತಳ್ಳುತ್ತದೆ. ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಎತ್ತರಕ್ಕೇರುತ್ತದೆ. ಲೋಟ ಅದೇ, ಆಮ್ಲಜನಕವೇನೂ ಮೂರುಪಟ್ಟಾಗಿರುವುದಿಲ್ಲ! ಇಲ್ಲಿನ ಮನೆಗಳಲ್ಲಿ ಮೇಣದಬತ್ತಿಗೆ ಬರವಿಲ್ಲ. ಇಂದು ರಾತ್ರಿಯೇ ಮಕ್ಕಳೊಡನೆ ಮಾಡಿ ನೋಡಿ.