ನೀರಿನ ದಾರಿ ಮೊದಲು, ಬೋರ್ಡ್ ಆಮೇಲೆ



ಗೋಡೆ ಕೆಲಸದವರು ಸಭೆ ಸೇರುವುದಕ್ಕೆ ಬಾರ್ಕೂರಿಗಿಂತ ತಕ್ಕ ಊರು ಕರಾವಳಿಯಲ್ಲಿ ಸಿಗಲಿಕ್ಕಿಲ್ಲ. ಆಳುಪರ ರಾಜಧಾನಿಯಾಗಿ ಬಾರಕನ್ಯಾಪುರ ಎಂಬ ಹೆಸರಿನಲ್ಲಿ ಶಾಸನಗಳಲ್ಲಿ ಉಳಿದ ಊರಿದು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಮೂಡುಕೇರಿ, ಚೌಳಿಕೇರಿ, ಕೋಟೆಕೇರಿ ಎಂದು ಒಂದೊಂದು ಕೇರಿ ಸುತ್ತಿದರೂ ಕಟ್ಟಿದವರ ಕೈಗುರುತು ಕಾಣುತ್ತದೆ. ಮಣಿಗಾರಕೇರಿಯ ಕತ್ತಲೆ ಬಸದಿಯ ಮುಂದೆ ನಿಂತರೆ ಕಣ್ಣು ಮೊದಲು ಹೋಗುವುದು ಮಾಡಿಗೆ. ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿದ್ದಾರೆ. ಬಯಲುಸೀಮೆಯ ಗುಡಿಗಳಿಗೆ ಚಪ್ಪಟೆ ಮಾಡು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಘಟ್ಟದ ಕೆಳಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಶಿಲ್ಪಿಗಳು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಹಾಕಿ ಆಮೇಲೆ ಉಳಿ ಹಿಡಿದವರು.

ಅದೇ ಲೆಕ್ಕ ಈಗ ಜಿಪ್ಸಂ ಬೋರ್ಡಿನ ಗೋಡೆಗೆ ಬೇಕಾಗಿದೆ ಎಂಬುದೇ ಈ ಅಧ್ಯಕ್ಷಪೀಠದಿಂದ ಸಭೆಯ ಮುಂದಿಡುವ ಮಾತು.

ಸಾಲಿಗ್ರಾಮದಿಂದ ಬ್ರಹ್ಮಾವರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ವಾಣಿಜ್ಯ ಸಂಕೀರ್ಣಗಳನ್ನು ಹೊಕ್ಕು ನೋಡಿದವರಿಗೆ ಗೊತ್ತು: ಕ್ಲಿನಿಕ್, ಬ್ಯಾಂಕ್, ಚಿನ್ನದಂಗಡಿ, ಕೋಚಿಂಗ್ ತರಗತಿ, ಎಲ್ಲ ಕಡೆ ಒಳಗೋಡೆ ಎಂದರೆ ಈಗ ಬೋರ್ಡು. ಮನೆಗಳಲ್ಲೂ ಮೇಲಂತಸ್ತಿನ ಕೋಣೆಯನ್ನು ಎರಡು ಮಾಡುವುದಿದ್ದರೆ ಇದೇ. ಕಾರಣ ಸರಳ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎರಡೂ ಬದಿಯ ಗಾರೆ ಸೇರಿ ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಜಿಐ ಚಾನೆಲ್‌ಗೆ ಆಚೆ ಈಚೆ ಹನ್ನೆರಡೂವರೆ ಮಿಲಿಮೀಟರ್ ಬೋರ್ಡ್ ಹೊಡೆದ ಗೋಡೆ 25 ಕಿಲೋ ಆಸುಪಾಸು. ತೊಲೆ ಇಲ್ಲದ ಕಡೆ ಸ್ಲ್ಯಾಬಿನ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಲು ಎಂಜಿನಿಯರ್ ಒಪ್ಪುವುದಿಲ್ಲ, ಬೋರ್ಡಿಗೆ ಒಪ್ಪುತ್ತಾರೆ. ನೀರು ಉಣಿಸಿ ಕಾಯುವ ಕೆಲಸವೂ ಇಲ್ಲ.

ಈ ಬೋರ್ಡಿನ ಹುಟ್ಟು ಅಮೆರಿಕದಲ್ಲಿ. 1894ರಲ್ಲಿ ಆಗಸ್ಟಿನ್ ಸ್ಯಾಕೆಟ್ ಎಂಬವರು ಕಾಗದದ ಪದರಗಳ ನಡುವೆ ಪ್ಲಾಸ್ಟರ್ ತುಂಬಿದ ಹಲಗೆಗೆ ಪೇಟೆಂಟ್ ಪಡೆದರು. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯಾಗುತ್ತದೆ. ನೀರು ಕೊಟ್ಟರೆ ಮತ್ತೆ ಗಟ್ಟಿ. ಹೀಗೆ ಗಟ್ಟಿಯಾದ ಜಿಪ್ಸಂನ ತೂಕದಲ್ಲಿ ನೂರಕ್ಕೆ 21 ಪಾಲು ಹರಳಿನೊಳಗೆ ಸಿಕ್ಕಿಕೊಂಡ ನೀರು. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಮುಗಿಯುವವರೆಗೆ ಗೋಡೆಯ ಆಚೆ ಬದಿ ಹೆಚ್ಚು ಕಾಯುವುದಿಲ್ಲ. ಶಾಲೆ, ಆಸ್ಪತ್ರೆಗಳಲ್ಲಿ ಪ್ಲೈವುಡ್ ಪಾರ್ಟಿಷನ್ನಿಗಿಂತ ಇದು ಮೇಲು ಎನ್ನುವುದಕ್ಕೆ ಇಷ್ಟು ಸಾಕು.

ಒಳಗಿನ ನೀರು ಕಾಪಾಡುತ್ತದೆ, ಹೊರಗಿನ ನೀರು ಕೆಡಿಸುತ್ತದೆ. ಜಿಪ್ಸಂ ಲೀಟರು ನೀರಿಗೆ ಎರಡು ಗ್ರಾಂನಷ್ಟು ಕರಗುವ ವಸ್ತು. ಅದಕ್ಕಿಂತ ಮೊದಲೇ ಕಾಗದ ಏಳುತ್ತದೆ, ಬೂಸ್ಟು ಹಿಡಿಯುತ್ತದೆ. ಹಸಿರು ಕಾಗದದ ಬೋರ್ಡು ತೇವ ತಾಳುತ್ತದೆ ಎಂಬುದು ನಿಜ. ಸುರಿಯುವ ನೀರನ್ನು ಅದೂ ತಾಳದು. ಸ್ನಾನದ ಮನೆಯ ಶವರ್ ಬದಿಗೆ, ಹೊರಗೋಡೆಗೆ ಹಸಿರು ಬೋರ್ಡ್ ಹಾಕಿ ಗ್ಯಾರಂಟಿ ಕೊಡುವುದು ತಪ್ಪು. ಅಲ್ಲಿ ಸಿಮೆಂಟ್ ಬೋರ್ಡೇ ಬೇಕು.

ಹೊಸ ವಸ್ತುವನ್ನು ಕರಾವಳಿ ಹೆದರಿ ದೂರ ಇಟ್ಟದ್ದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಮುಳಿಹುಲ್ಲಿನ ಮಾಡಿನ ಇಳಿಜಾರು, ಪಕಾಸಿನ ಅಂತರ, ರೀಪಿನ ಅಳತೆ ಎಲ್ಲ ಬದಲಾಗಬೇಕಾಯಿತು. ಇಲ್ಲಿನ ಬಡಗಿಗಳು ಅದನ್ನು ಕಲಿತರು, ಎಷ್ಟು ಚೆನ್ನಾಗಿ ಕಲಿತರೆಂದರೆ ಹೆಂಚಿನ ಮನೆಯೇ ಕರಾವಳಿಯ ಮನೆ ಎನಿಸಿಕೊಂಡಿತು. ಬೋರ್ಡನ್ನೂ ಹಾಗೆ ನಮ್ಮ ಮಳೆಗೆ, ನಮ್ಮ ಕಲ್ಲಿಗೆ ಒಗ್ಗಿಸಬೇಕು.

ಕಲ್ಲಿನ ಮಾತು ಬಂದಾಗ ಮುರಕಲ್ಲನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1801ರಲ್ಲಿ ಕೆನರಾದ ಉದ್ದಕ್ಕೂ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವರು. ಪಣೆಯಿಂದ ತೆಗೆಯುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ ಎಂದು ಅವರು ಬರೆದರು. ಅದು ಇಲ್ಲಿನ ಕಲ್ಲು ಕಡಿಯುವವರಿಗೆ ತಲೆಮಾರುಗಳಿಂದ ಗೊತ್ತಿದ್ದ ಸಂಗತಿ. ಮುರಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಹಳಬರು ಇದನ್ನು ತಡೆಯಲು ಹೋಗಲಿಲ್ಲ. ಚಿಪ್ಪು ಸುಟ್ಟ ಸುಣ್ಣದ ಗಾರೆ ಮೆತ್ತಿದರು, ಅದು ತೇವವನ್ನು ಹೊರಗೆ ಬಿಡುತ್ತಿತ್ತು. ಸೂರನ್ನು ಉದ್ದಕ್ಕೆ ಚಾಚಿದರು. ಪಡುವಣ ಗಾಳಿಯ ಬದಿಗೆ ಮಡಲಿನ ತಟ್ಟಿ ಕಟ್ಟಿದರು. ಒಳಗಿನ ಕೋಣೆಗಳನ್ನು ಹಲಗೆಯ ಗೋಡೆಯಿಂದ ಬೇರೆ ಮಾಡಿದರು, ಮೇಲೆ ಮರದ ಮುಚ್ಚಿಗೆ ಹಾಕಿದರು. ಹಗುರ ಒಳಗೋಡೆ ಇಲ್ಲಿಗೆ ಹೊಸದಲ್ಲ.

ಈಗ ಆಗುತ್ತಿರುವುದೇನು? ತೇವದ ಮುರಕಲ್ಲು ಗೋಡೆ ಚಂದ ಕಾಣಲಿ ಎಂದು ಅದರ ಮೈಗೇ ಅಂಟು ಹಚ್ಚಿ ಬೋರ್ಡ್ ಕೂರಿಸುತ್ತಾರೆ. ಚೌತಿ ಬರುವುದರೊಳಗೆ ಬೋರ್ಡಿನ ಬುಡ ಕಪ್ಪಾಗುತ್ತದೆ. ಆಗ ಬೈಗುಳ ತಿನ್ನುವುದು ಬೋರ್ಡ್ ಹೊಡೆದವನು. ಇಂಥ ಗೋಡೆಯಲ್ಲಿ ಮೊದಲು ಹೊರಗಿನ ಜಗಲಿಯ ಇಳಿಜಾರು, ದಂಬೆ, ಪಂಚಾಂಗದ ಬದಿಯ ಮಣ್ಣು ನೋಡಬೇಕು. ಕಲ್ಲಿಗೂ ಬೋರ್ಡಿಗೂ ನಡುವೆ ಚಾನೆಲ್ ನಿಲ್ಲಿಸಿ ಗಾಳಿಗೆ ಜಾಗ ಬಿಡಬೇಕು. ಎಷ್ಟೋ ಮನೆಗಳಲ್ಲಿ ಬೋರ್ಡೇ ಬೇಡ, ಸುಣ್ಣದ ಗಾರೆಯನ್ನು ಮತ್ತೆ ಮಾಡಿಸಿ ಎಂದು ಹೇಳುವುದೇ ಸರಿಯಾದ ಸಲಹೆ. ಕೆಲಸ ಕೈತಪ್ಪಿದರೂ ಅದನ್ನು ಹೇಳುವವನು ಮುಂದಿನ ಹತ್ತು ಮನೆಯ ವಿಶ್ವಾಸ ಗಳಿಸುತ್ತಾನೆ.

ರಿಪೇರಿಯ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಅಂಗಡಿಯೊಂದರ ಸೀಲಿಂಗಿನಲ್ಲಿ ತಟ್ಟೆಯಗಲದ ಹಳದಿ ಕಲೆ. ಕರೆಸುವುದು ಪೇಂಟರನ್ನು, ಎರಡು ಕೋಟು ಹೊಡೆದು ಮುಗಿಸುತ್ತಾರೆ. ತಿಂಗಳೊಳಗೆ ಕಲೆ ಮತ್ತೆ ಮೂಡುತ್ತದೆ, ಈ ಸಲ ಕಂದು ಅಂಚಿನೊಂದಿಗೆ. ಮಳೆಗಾಲದಲ್ಲಾದರೆ ಸ್ಲ್ಯಾಬಿನ ಸೋರಿಕೆ ಇರಬಹುದು. ಏಪ್ರಿಲ್‌ನಲ್ಲಿ ಮೂಡಿದ ಕಲೆಗೆ ಮಳೆಯನ್ನು ದೂರುವ ಹಾಗಿಲ್ಲ. ಹತ್ತರಲ್ಲಿ ಎಂಟು ಪಾಲು ಅನುಮಾನ ಎಸಿಯ ನೀರು ಹೋಗುವ ಪೈಪಿನ ಮೇಲೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಆ ಪೈಪಿನಲ್ಲಿ ಹರಿಯುವ ನೀರೂ ಹೆಚ್ಚು. ಪೈಪಿಗೆ ವಾಟ ಸಾಲದೆ ಬೆಸುಗೆಯಲ್ಲಿ ತೊಟ್ಟಿಕ್ಕುತ್ತದೆ. ಬಲ್ಲವನು ಬ್ರಷ್ ಮುಟ್ಟುವುದಕ್ಕೆ ಮುಂಚೆ ಕಲೆಯ ಸುತ್ತ ಬೆರಳು ಒತ್ತಿ ನೋಡುತ್ತಾನೆ. ಮೆತ್ತಗಿದ್ದಷ್ಟು ಭಾಗವನ್ನು ಚೌಕಾಕಾರಕ್ಕೆ ಕತ್ತರಿಸಿ ತೆಗೆಯುತ್ತಾನೆ, ಕೈದೀಪ ಹಿಡಿದು ಮೇಲೆ ನೋಡುತ್ತಾನೆ, ಪೈಪ್ ಸರಿಮಾಡಿಸುತ್ತಾನೆ. ಆಮೇಲೆ ತೂತಿನ ಅಂಚಿನ ಹಿಂದೆ ಚಾನೆಲ್ ತುಂಡು ಕೊಟ್ಟು, ಅದೇ ದಪ್ಪದ ಬೋರ್ಡ್ ತುಂಡು ಕೂರಿಸಿ, ಜಾಯಿಂಟಿಗೆ ಟೇಪ್ ಎಳೆದು, ಕಾಂಪೌಂಡಿನ ಮೂರು ಕೋಟು ಕೊಡುತ್ತಾನೆ, ಒಂದಕ್ಕಿಂತ ಒಂದು ಅಗಲವಾಗಿ. ಆಷಾಢದಲ್ಲಿ ಒಂದೊಂದು ಕೋಟು ಒಣಗಲು ಇಡೀ ದಿನ ಸಾಲದೆ ಹೋಗಬಹುದು. ಗಿರಾಕಿ ಅವಸರಪಡಿಸಿದರೆಂದು ಹಸಿಯ ಮೇಲೆ ಹಸಿ ಎಳೆದರೆ ದೀಪಾವಳಿಗೆ ಬಿರುಕು ಖಂಡಿತ.

ಸ್ಕ್ರೂವಿನದೂ ಒಂದು ಮಾತು. ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು, ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂ ಏನನ್ನೂ ಹಿಡಿದಿಲ್ಲ ಎಂದೇ ಲೆಕ್ಕ. ಸೀತಾ ನದಿ ಕಡಲು ಸೇರುವ ಹಂಗಾರಕಟ್ಟೆ, ಕೋಡಿಬೆಂಗ್ರೆ ಕಡೆ ಉಪ್ಪುಗಾಳಿಗೆ ಸಾದಾ ಕಪ್ಪು ಸ್ಕ್ರೂ ಬೇಗ ತುಕ್ಕು ಹಿಡಿದು ಬಣ್ಣದ ಮೇಲೆ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತದೆ. ಸತು ಲೇಪದ ಸ್ಕ್ರೂವಿಗೆ ಕೊಡುವ ಹೆಚ್ಚಿನ ದುಡ್ಡು ತೀರ ಸಣ್ಣದು.

2020ರ ಸೆಪ್ಟೆಂಬರ್ 20ರಂದು ಸ್ವರ್ಣಾ ನದಿ ಉಕ್ಕಿ ಉಡುಪಿಯ ತಗ್ಗು ಪ್ರದೇಶಗಳಿಗೆಲ್ಲ ನೀರು ನುಗ್ಗಿದ್ದನ್ನು ಜಿಲ್ಲೆ ಮರೆತಿಲ್ಲ. ಅಂಥ ನೆರೆ ಇಳಿದ ಮೇಲೆ ಮುರಕಲ್ಲು ಗೋಡೆ ತೊಳೆದರೆ ಉಳಿಯುತ್ತದೆ, ಬೋರ್ಡ್ ಗೋಡೆಗೆ ಶಸ್ತ್ರಚಿಕಿತ್ಸೆ ಬೇಕು. ನೀರಿನ ಗುರುತು ಮೊಣಕಾಲಿನಷ್ಟಿದ್ದರೂ ಒಳಗೆ ತೇವ ಅದಕ್ಕಿಂತ ಮೇಲೆ ಏರಿರುತ್ತದೆ. ಗುರುತಿನಿಂದ ಒಂದಡಿ ಮೇಲೆ ದಾರ ಹಿಡಿದು ಗೆರೆ ಎಳೆದು ಕೆಳಗಿನದನ್ನೆಲ್ಲ ಕತ್ತರಿಸಬೇಕು, ಒಳಗಿನ ಗ್ಲಾಸ್‌ವುಲ್ ಎಸೆಯಬೇಕು, ಚಾನೆಲ್ ತೊಳೆದು ಫ್ಯಾನ್ ಇಟ್ಟು ಪೂರ್ತಿ ಒಣಗಿಸಿ ಆಮೇಲೆ ಹೊಸ ಬೋರ್ಡ್ ಮುಚ್ಚಬೇಕು. ಹೊಳೆಬದಿಯ ಮನೆಗಳಲ್ಲಿ ಕೆಳಗಿನ ಎರಡಡಿಗೆ ಮೊದಲಿನಿಂದಲೇ ಸಿಮೆಂಟ್ ಬೋರ್ಡ್ ಹಾಕಿದರೆ ಈ ನಷ್ಟದ ದೊಡ್ಡ ಪಾಲು ತಪ್ಪುತ್ತದೆ. ನೆಲಕ್ಕೆ ಕೊಡದಿಂದ ನೀರು ಸುರಿದು ಗುಡಿಸುವ ರೂಢಿ ಇರುವ ಮನೆಗಳಿಗೂ ಅದೇ ಸೂಕ್ತ. ಎಲ್ಲಿಯೇ ಆಗಲಿ ಬೋರ್ಡಿನ ಬುಡ ನೆಲಕ್ಕೆ ತಾಗದೆ ಒಂದು ಸೆಂಟಿಮೀಟರ್ ಮೇಲಿರಲಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

ಇಷ್ಟೆಲ್ಲ ಬಲ್ಲ ಕೆಲಸಗಾರನಿಗೆ ಸಿಗುವ ಮರ್ಯಾದೆ ಮಾತ್ರ ಸಾಲದು. ಬಿಹಾರ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದಿಂದ ಬಂದ ಹುಡುಗರು ಇಲ್ಲಿನ ಸೀಲಿಂಗುಗಳ ಕೆಳಗೆ ಕತ್ತು ಮೇಲೆತ್ತಿ ದಿನವಿಡೀ ದುಡಿಯುತ್ತಾರೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಗೆ ಕಟ್ಟಿದ ಬೈರಾಸಿನಿಂದ ಅದು ನಿಲ್ಲುವುದಿಲ್ಲ, ಸರಿಯಾದ ಮಾಸ್ಕ್ ಕೊಡಿಸುವುದು ಗುತ್ತಿಗೆದಾರನ ಹೊಣೆ. 2007ರಿಂದ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ಗಾರೆಯವರು, ಬಡಗಿಗಳು ಎಷ್ಟೋ ಮಂದಿ ನೋಂದಾಯಿಸಿದ್ದಾರೆ. ಬೋರ್ಡ್ ಕೆಲಸದವರೂ ಕಟ್ಟಡ ಕಾರ್ಮಿಕರೇ, ಹಿಂದೆ ಉಳಿಯಬೇಕಾಗಿಲ್ಲ. ಭಾಷೆ ಬಾರದ ಹುಡುಗರಿಗೆ ಅರ್ಜಿ ತುಂಬಿಸಿಕೊಡುವ ಕೆಲಸವನ್ನು ಇಲ್ಲಿರುವ ಮೇಸ್ತ್ರಿಗಳು ವಹಿಸಿಕೊಳ್ಳಬೇಕೆಂದು ಕೋರಿಕೆ.

ಮಧ್ಯಾಹ್ನದ ಚರ್ಚೆಗೆ ಒಂದು ಸಲಹೆ ಇದೆ. ಗೋಡೆ ಮುಚ್ಚುವ ಮೊದಲು ಒಳಗಿನ ಚಾನೆಲ್, ವಯರು, ಪೈಪುಗಳ ಫೋಟೋ ತೆಗೆದು ಮನೆಯವರಿಗೆ ಕೊಡುವುದು. ಜೊತೆಗೆ ಬೋರ್ಡಿನ ಜಾತಿ, ಐಎಸ್ 2095 ಗುರುತು ಇದೆಯೇ, ಕೆಲಸ ಮುಗಿದ ತಾರೀಕು, ಟಿವಿ ಅಥವಾ ಕಪಾಟು ತೂಗುಹಾಕಲು ಹಿಂದೆ ಪ್ಲೈ ಕೊಟ್ಟ ಜಾಗ, ಇಷ್ಟನ್ನು ಬರೆದ ಒಂದು ಚೀಟಿ. ಐದು ವರ್ಷದ ಮೇಲೆ ರಿಪೇರಿಗೆ ಬರುವವನಿಗೆ ಎಲ್ಲಿ ಕತ್ತರಿಸಬೇಕೆಂದು ಅದರಿಂದ ತಿಳಿಯುತ್ತದೆ. ಸಭೆ ಒಪ್ಪಿದರೆ ಈ ಚೀಟಿಯ ನಮೂನೆಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಅಚ್ಚು ಹಾಕಿಸಿ, ಮುಂದಿನ ಮಳೆಗಾಲಕ್ಕೆ ಮುಂಚೆ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವಂತೆ ಮಾಡಬಹುದು.