ಒಂದು ಹಲಗೆ, ನೂರು ಚಿತ್ರ

(ಸಂಘದ ವಾಚನಾಲಯದಲ್ಲಿ ಏರ್ಪಟ್ಟ ಅಚ್ಚುಚಿತ್ರಗಳ ಪ್ರದರ್ಶನದ ದಿನ ಮಾಡಿದ ಭಾಷಣ)



ಗೋಡೆಯ ಮೇಲಿನ ಈ ಹನ್ನೊಂದು ಚಿತ್ರಗಳನ್ನು ಮಾಡಿದವರು ನಾವೇ. ಹಗಲು ದೋಸೆ ಹುಯ್ಯುವವರು, ಮೇಜು ಒರೆಸುವವರು, ಗಲ್ಲೆಯ ಮೇಲೆ ಕೂರುವವರು. ಹಳೆಯದೊಂದು ಕೈಪ್ರೆಸ್ಸಿಗೆ ಸಂಘದ ನಿಧಿಯಿಂದ ಹಣ ಕೊಡಬಹುದೇ ಎಂಬುದು ಬರುವ ಸಭೆಯ ಮುಂದಿದೆ. ಚಿತ್ರ ನಮಗೇಕೆ ಎಂದು ಕೆಲವರು ಕೇಳಿದ್ದಾರೆ. ಕೇಳಿದ್ದು ನ್ಯಾಯವೇ, ಆ ನಿಧಿ ಕಾಯಿಲೆ ಬಿದ್ದವರಿಗೆಂದು ಕೂಡಿಟ್ಟದ್ದು. ಅದಕ್ಕೇ ಈ ನಾಲ್ಕು ಮಾತು.

ಲಿನೋಲಿಯಂ ಎಂಬುದು ನೆಲಕ್ಕೆ ಹಾಸುವ ಸಾಮಾನು. ಅಗಸೆ ಎಣ್ಣೆಗೆ ಬೆಂಡಿನ ಪುಡಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡುತ್ತಾರೆ. ಮರಕ್ಕಿಂತ ಮೆತ್ತಗೆ. ಬೇಡವಾದದ್ದನ್ನು ಉಳಿಯಿಂದ ಕೆತ್ತಿ ತೆಗೆದು, ಉಳಿದ ಉಬ್ಬಿಗೆ ಮಸಿ ಹಚ್ಚಿ ಕಾಗದ ಒತ್ತಿದರೆ ಚಿತ್ರ. ಆದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮೊದಲ ಸಲ ಸಭೆಯ ಕರಪತ್ರಕ್ಕೆ ಅಕ್ಷರಗಳನ್ನು ನೆಟ್ಟಗೇ ಕೆತ್ತಿಬಿಟ್ಟೆವು. ಕನ್ನಡಿ ಹಿಡಿದವರಿಗೆ ಮಾತ್ರ ಸಭೆಯ ದಿನ ತಿಳಿಯಿತು!

ಈ ಅಗ್ಗದ ಹಲಗೆಯನ್ನು ದೊಡ್ಡ ಕೆಲಸಕ್ಕೆ ಹಚ್ಚಿದವರೊಬ್ಬರು ನಮ್ಮ ಮುಂಬಯಿಯ ಅಂಧೇರಿಯಲ್ಲೇ ಇದ್ದರು. ಹೆಸರು ಚಿತ್ತಪ್ರಸಾದ ಭಟ್ಟಾಚಾರ್ಯ, ಬಂಗಾಳದವರು. 1943ರ ಕ್ಷಾಮದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ, ಕಂಡದ್ದನ್ನು ಬರೆದು, ರೇಖೆಯಲ್ಲಿ ತಿದ್ದಿ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕ ತಂದರು. ಸರ್ಕಾರ ಪ್ರತಿಗಳನ್ನು ಹಿಡಿದು ಸುಟ್ಟಿತು. ಎಲ್ಲವೂ ಸುಡಲಿಲ್ಲ, ಮನೆಯವರು ಕಾಪಾಡಿದ ಒಂದು ಪ್ರತಿಯಿಂದ 2011ರಲ್ಲಿ ಅದು ಮತ್ತೆ ಅಚ್ಚಾಯಿತು. ಅಚ್ಚಿನ ಬಲ ಇಲ್ಲಿದೆ, ಗಮನಿಸಿ. ಒಂದೇ ಚಿತ್ರವಾಗಿದ್ದರೆ ಒಂದೇ ಬೆಂಕಿಕಡ್ಡಿ ಸಾಕಿತ್ತು. ಮುಂದೆ ಅವರು ಲಿನೋ ಕೆತ್ತಿ, ಬಾಲ್ಯವಿಲ್ಲದೆ ದುಡಿಯುವ ಮಕ್ಕಳ ಚಿತ್ರಮಾಲೆಯನ್ನೇ ಮಾಡಿದರು. 1978ರಲ್ಲಿ ತೀರಿಕೊಂಡರು. ಹತ್ತು ವರುಷಕ್ಕೇ ಲೋಟ ತೊಳೆಯಲು ಈ ಊರಿಗೆ ಬಂದ ನಮ್ಮಲ್ಲಿ ಹಲವರು ಆ ಮಕ್ಕಳ ಮುಖ ನೋಡಿ ಸುಮ್ಮನೆ ನಿಂತುಬಿಟ್ಟೆವು.

ದೂರದ ಮೆಕ್ಸಿಕೋದಲ್ಲಿ 1937ರಲ್ಲಿ ಲೆಯೊಪೋಲ್ದೊ ಮೆಂದೆಸ್ ಮತ್ತು ಗೆಳೆಯರು ಸೇರಿ ‘ಜನರ ಚಿತ್ರ ಕಾರ್ಖಾನೆ’ ಎನ್ನಬಹುದಾದ ಒಂದು ಕೂಟ ಕಟ್ಟಿದರು. ಪ್ರೆಸ್ಸು ಎಲ್ಲರದು. ಒಬ್ಬ ಕೆತ್ತಿದ್ದನ್ನು ಎಲ್ಲರೂ ಕೂತು ತಿದ್ದುವರು. ಕಾರ್ಮಿಕ ಸಂಘಗಳಿಗೆ ಭಿತ್ತಿಪತ್ರ ಅಚ್ಚು ಹಾಕುವರು. 1947ರಲ್ಲಿ ತಮ್ಮ ದೇಶದ ಕ್ರಾಂತಿಯ ಕತೆಯನ್ನು 85 ಚಿತ್ರಗಳಲ್ಲಿ ಹೊರತಂದರು. ನಮ್ಮ ಅಡಿಗೆಮನೆಯಲ್ಲಿ ರುಬ್ಬುವ ಕಲ್ಲು ಒಬ್ಬನದಲ್ಲ, ಹಾಗೆಯೇ ಪ್ರೆಸ್ಸು. ಒಬ್ಬನಿಗೆ ಭಾರ, ಹತ್ತು ಜನಕ್ಕೆ ಹಗುರ. ಬರೋಡದಲ್ಲಿ 1999ರಲ್ಲಿ ‘ಛಾಪ್’ ಶುರುವಾದದ್ದೂ ಹೀಗೆಯೇ, ಸ್ವಂತ ಪ್ರೆಸ್ಸಿಲ್ಲದ ಕಲಾವಿದರು ಬಂದು ಕೆಲಸ ಮಾಡಲೆಂದು.

ಒಂದು ಮಾತಿಗೆ ನಮ್ಮ ತಕರಾರಿದೆ. ಈಗಿನ ಅಚ್ಚುಚಿತ್ರಗಳ ಅಂಚಿನಲ್ಲಿ ಪೆನ್ಸಿಲಿನಿಂದ 3/20 ಎಂದು ಬರೆದಿರುತ್ತದೆ. ಇಪ್ಪತ್ತರಲ್ಲಿ ಮೂರನೆಯ ಪ್ರತಿ ಎಂದರ್ಥ. ಇಪ್ಪತ್ತಾದ ಮೇಲೆ ಹಲಗೆಗೆ ಗೀರು ಹಾಕಿ ಕೆಡಿಸುವುದೂ ಉಂಟು. ಕಲಾವಿದನೂ ಬದುಕಬೇಕು, ಒಪ್ಪಿದೆವು. ಕಡಿಮೆ ಇದ್ದರೆ ಬೆಲೆ ಬರುತ್ತದೆ. ಆದರೂ ನೂರು ಮನೆ ಸೇರಬಲ್ಲ ಚಿತ್ರವನ್ನು ಬೇಕೆಂದೇ ಇಪ್ಪತ್ತಕ್ಕೆ ನಿಲ್ಲಿಸುವುದು, ಹಿಟ್ಟಿದ್ದೂ ಇಡ್ಲಿ ಮುಗಿಯಿತೆಂದು ಬೋರ್ಡು ಹಾಕಿದಂತೆ ನಮಗೆ ತೋರುತ್ತದೆ. ನಮ್ಮ ಹಲಗೆಗಳಿಗೆ ಗೀರು ಹಾಕುವುದಿಲ್ಲ. ಇಂದು ಮನೆಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ಪ್ರತಿ ಒಯ್ಯಿರಿ.

ಸಮಿತಿ ಹಣ ಕೊಟ್ಟರೆ ಸಂತೋಷ. ಇಲ್ಲವಾದರೆ ಈಗಿನಂತೆ ಚಮಚದ ಬೆನ್ನಿನಿಂದ ಕಾಗದ ಉಜ್ಜಿ ತೆಗೆಯುತ್ತೇವೆ. ನೀವು ನೋಡುತ್ತಿರುವ ಹನ್ನೊಂದೂ ಹಾಗೆ ಬಂದವೇ. ಕಲಿಯಬೇಕೆನ್ನುವವರು ರಜೆಯ ದಿನ ಸಂಜೆ ಐದಕ್ಕೆ ಬನ್ನಿ. ಉಳಿ, ಮಸಿ ಸಂಘದ ಕಪಾಟಿನಲ್ಲಿವೆ. ಚಮಚ ಮಾತ್ರ ನೀವೇ ತರಬೇಕು. ಮಾಲಿಕರ ಹೋಟೆಲಿನದು ಬೇಡಿ, ಮನೆಯದು ತನ್ನಿ.