ರೇವಿನ ದಿನ ರಹದಾರಿಯ ಕಾವಲು

ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಎಂಬ ಊರುಂಟು. ಬಂಡೆಗಳ ನಡುವೆ ಪಾಳೆಯಗಾರರ ಕಾಲದ ಕೋಟೆ, ಸುತ್ತಣ ಕುರುಚಲು ಕಾಡಿನಲ್ಲಿ ಕರಡಿಗಳು, ಇವು ಆ ಊರಿನ ಪ್ರಸಿದ್ಧಿ. ಚಿತ್ರದುರ್ಗದ ಒನಕೆ ಓಬವ್ವನಿಗೆ ಇದೇ ತವರೂರೆಂದು ಆ ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುವರು. ಓಬವ್ವನ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ದುರ್ಗದ ಹೆಬ್ಬಾಗಿಲುಗಳಲ್ಲಿ ಕಾವಲು ಬಿಗಿಯಾಗಿಯೇ ಇದ್ದಿತು. ಕಾವಲುಗಾರನು ಉಣ್ಣಲು ಹೋದ ಅರೆಗಳಿಗೆಯಲ್ಲಿ, ಒಬ್ಬೊಬ್ಬರೇ ನುಸುಳಬಹುದಾದ ಕಿಂಡಿಯಿಂದ ಶತ್ರುಗಳು ಒಳಬಂದರು. ಅಪಾಯವು ಬಂದದ್ದು ಹೆಬ್ಬಾಗಿಲಿನಿಂದಲ್ಲ, ಕಿಂಡಿಯಿಂದ. ಎಚ್ಚರದ ವೇಳೆಯಲ್ಲಲ್ಲ, ಊಟದ ವೇಳೆಯಲ್ಲಿ.

ಗುಡೇಕೋಟೆಗೂ ಕಡಲಿಗೂ ನೂರು ಮೈಲಿಗೆ ಮಿಕ್ಕ ದೂರ. ಆದರೂ ಕಡಲ ಪ್ರಯಾಣದ ಒಂದು ಎಚ್ಚರಿಕೆಯನ್ನು ಹೇಳಲು ನಾವು ಈ ಕೋಟೆಯೂರಿನಿಂದಲೇ ಹೊರಡುತ್ತಿರುವುದಕ್ಕೆ ಕಾರಣವಿದೆ. ಈಗ ವಿಹಾರನೌಕೆಗಳ ಕಾಲ. ಹಡಗು ಒಂದು ರೇವಿನಲ್ಲಿ ಬೆಳಗ್ಗೆ ನಿಲ್ಲುವುದು. ಪ್ರಯಾಣಿಕರು ಇಳಿದು ಊರು ನೋಡಿ ಸಂಜೆಗೆ ಮರಳುವರು. ರಾತ್ರಿ ಹಡಗು ಮುಂದಿನ ರೇವಿಗೆ ಸಾಗುವುದು. ವಿಮಾನನಿಲ್ದಾಣದಲ್ಲಿ ಪಾಸ್‌ಪೋರ್ಟನ್ನು ಎದೆಗವಚಿಕೊಂಡಿರುವ ಮನುಷ್ಯನೇ, ರೇವಿನ ದಿನ ಕೈಬೀಸಿಕೊಂಡು ಸಂತೆಗೆ ಹೊರಟವನಂತೆ ನಡೆಯುತ್ತಾನೆ. ಅದು ನಮ್ಮ ಊಟದ ಅರೆಗಳಿಗೆ. ಕಿಂಡಿ ಇರುವುದು ಅಲ್ಲಿಯೇ.

ಪಾಸ್‌ಪೋರ್ಟೆಂಬ ಹೆಸರು ಹೊಸದಾದರೂ ವಸ್ತು ನಮಗೆ ಹೊಸದಲ್ಲ. ಗಡಿಯನ್ನೂ ಸುಂಕದ ಕಟ್ಟೆಯನ್ನೂ ದಾಟುವವನಿಗೆ ಕೊಡುತ್ತಿದ್ದ ಅಪ್ಪಣೆಯ ಚೀಟಿಗೆ ನಮ್ಮ ಹಿರಿಯರು ರಹದಾರಿ ಎನ್ನುತ್ತಿದ್ದರು. ಇಂದಿನ ಕಿರುಪುಸ್ತಕದ ರೂಪವು ಬಂದದ್ದು ಮೊದಲ ಮಹಾಯುದ್ಧದ ಅನಂತರ. 1920ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಸಂಘವು ನಡೆಸಿದ ಸಮ್ಮೇಳನವು 32 ಪುಟಗಳ ಒಂದು ಮಾದರಿಯನ್ನು ಗೊತ್ತುಮಾಡಿತು. ಅದೇ 1920ರಲ್ಲಿ ಭಾರತದಲ್ಲಿಯೂ ಪಾಸ್‌ಪೋರ್ಟಿನ ಕಾಯಿದೆ ಹುಟ್ಟಿತು. ಆ ದಿನಗಳಲ್ಲಿ ಗುಡೇಕೋಟೆಯವನು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದವನಾದುದರಿಂದ ಬ್ರಿಟಿಷ್ ಪ್ರಜೆ. ಮಗ್ಗುಲಿನ ಮೊಳಕಾಲ್ಮುರುವಿನವನು ಮೈಸೂರು ಸಂಸ್ಥಾನದವನಾದುದರಿಂದ ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ. ಇತ್ತ ಸಂಡೂರಿನವನು ಬೇರೊಂದು ಸಂಸ್ಥಾನದವನು. ಒಂದೇ ಭಾಷೆ, ಒಂದೇ ಸಂತೆ, ಬಹುಮಟ್ಟಿಗೆ ಒಂದೇ ಬಂಧುಬಳಗ. ಆದರೆ ಪರದೇಶದ ರೇವಿನಲ್ಲಿ ಅವರು ಯಾರೆಂಬುದನ್ನು ಹೇಳುವುದು ಕಾಗದವೇ ಹೊರತು ಮುಖವಲ್ಲ. ಸಂಸ್ಥಾನಗಳು ಹೋದುವು, 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರನ್ನು ಸೇರಿದುವು, ಈ ಮೂವರ ಮಕ್ಕಳಿಗೂ ಇಂದು ಒಂದೇ ಪಾಸ್‌ಪೋರ್ಟು. ಆದರೆ ಕಾಗದದ ಮಾತು ಮಾತ್ರ ಅಂದಿನಂತೆಯೇ ಉಳಿದಿದೆ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪಾಸ್‌ಪೋರ್ಟು ನಮ್ಮ ಸ್ವತ್ತಲ್ಲ. 1967ರ ಪಾಸ್‌ಪೋರ್ಟು ಕಾಯಿದೆಯ 17ನೆಯ ಕಲಮಿನ ಪ್ರಕಾರ ಅದು ಸದಾಕಾಲವೂ ಕೇಂದ್ರ ಸರ್ಕಾರದ ಸ್ವತ್ತು. ನಾವು ಅದನ್ನು ಇಟ್ಟುಕೊಂಡಿರುವವರು ಮಾತ್ರ. ಈ ಮಾತು ತಿಳಿದಿದ್ದರೆ ರೇವಿನ ಊರುಗಳ ಒಂದು ದೊಡ್ಡ ಮೋಸದಿಂದ ಪಾರಾಗಬಹುದು. ತೀರದ ಊರುಗಳಲ್ಲಿ ಬಾಡಿಗೆಗೆ ಸ್ಕೂಟರ್ ಕೊಡುವ ಕೆಲವು ಅಂಗಡಿಯವರು ಪಾಸ್‌ಪೋರ್ಟನ್ನು ಒತ್ತೆಯಿಡಿರೆಂದು ಕೇಳುವುದುಂಟು. ಸಂಜೆ ಗಾಡಿಯನ್ನು ಒಪ್ಪಿಸುವಾಗ ಯಾವುದೋ ಹಳೆಯ ಗೀರನ್ನು ತೋರಿಸಿ ಕೇಳಿದಷ್ಟು ಹಣವನ್ನು ಕೀಳುವರು. ಹಡಗು ಹೊರಡಲು ಒಂದು ಗಂಟೆಯಿರುವಾಗ ಅಲ್ಲಿ ನ್ಯಾಯ ಹೇಳುವವರಾರು? ತನ್ನದಲ್ಲದ ಒಡವೆಯನ್ನು ಗಿರವಿಯಿಡುವ ಹಕ್ಕು ಯಾರಿಗೂ ಇಲ್ಲ. ಹಣವನ್ನು ಠೇವಣಿಯಿಡಿರಿ, ಇಲ್ಲವೇ ಬೇರೆ ಅಂಗಡಿಯನ್ನು ನೋಡಿರಿ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ರೇವಿನಲ್ಲಿ ಇಳಿಯುವಾಗ ಮೂಲ ಪಾಸ್‌ಪೋರ್ಟನ್ನು ಒಯ್ಯಬೇಕೆ, ಹಡಗಿನಲ್ಲಿ ಬಿಡಬೇಕೆ? ಅನುಭವಸ್ಥರಲ್ಲಿಯೇ ಎರಡು ಪಂಗಡಗಳುಂಟು. ಮೈಮೇಲಿದ್ದರೆ ಮಾತ್ರ ಕ್ಷೇಮವೆಂದು ಒಂದು ಪಂಗಡ. ಒಯ್ದರೆ ಕಳೆಯಿತೆಂದೇ ತಿಳಿಯಿರೆಂದು ಇನ್ನೊಂದು. ಎರಡೂ ಅರೆಸತ್ಯ. ಪ್ರಶ್ನೆಯನ್ನು ನಿರ್ಣಯಿಸತಕ್ಕದ್ದು ನಮ್ಮ ಸ್ವಭಾವವಲ್ಲ, ಆ ರೇವಿನ ಕಾನೂನು. ಜಪಾನಿನಲ್ಲಿ ಪ್ರವಾಸಿಯಾಗಿ ಬಂದ ಪರದೇಶಿಯು ಪಾಸ್‌ಪೋರ್ಟನ್ನು ಜೊತೆಯಲ್ಲಿಯೇ ಇಟ್ಟುಕೊಂಡಿರಬೇಕೆಂಬ ಕಟ್ಟಳೆಯಿದೆ. ಪೊಲೀಸರು ಕೇಳಿದರೆ ನಕಲು ಸಾಲದು. ಬೇರೆ ಅನೇಕ ರೇವುಗಳಲ್ಲಿ ಹಡಗಿನ ಗುರುತಿನ ಚೀಟಿಯೂ ಒಂದು ನಕಲೂ ಸಾಕಾಗುತ್ತವೆ. ಕೆಲವು ಯಾನಗಳಲ್ಲಂತೂ ಹತ್ತಿದ ದಿನವೇ ಹಡಗಿನ ಪರ್ಸರ್ ಕಚೇರಿಯವರು ಎಲ್ಲರ ಪಾಸ್‌ಪೋರ್ಟುಗಳನ್ನೂ ತೆಗೆದುಕೊಂಡು, ರೇವಿನ ಅಧಿಕಾರಿಗಳಿಗೆ ತೋರಿಸುವುದಕ್ಕಾಗಿ ತಮ್ಮಲ್ಲಿಯೇ ಇರಿಸಿಕೊಳ್ಳುವರು. ಹಾಗೆ ಕೊಡುವಾಗ ರಸೀದಿಯನ್ನು ಕೇಳಿ ಪಡೆಯಬೇಕು. ಮರಳಿ ಪಡೆಯುವ ದಿನವನ್ನು ಗುರುತುಹಾಕಿಕೊಳ್ಳಬೇಕು. ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಬರುವ ಮರುದಿನದ ಕಾರ್ಯಕ್ರಮಪತ್ರದಲ್ಲಿ ಇಂಥ ಸೂಚನೆಗಳಿರುವುದು ವಾಡಿಕೆ. ಊಟದ ಪಟ್ಟಿಯನ್ನು ಓದುವಷ್ಟೇ ಶ್ರದ್ಧೆಯಿಂದ ಅದನ್ನೂ ಓದತಕ್ಕದ್ದು.

ಕಾನೂನು ಒಯ್ಯಬೇಕೆನ್ನದ ಕಡೆ ಪಾಸ್‌ಪೋರ್ಟನ್ನು ಕ್ಯಾಬಿನ್ನಿನ ತಿಜೋರಿಯಲ್ಲಿ ಬಿಡುವುದೇ ಮೇಲು. ಇದಕ್ಕೆ ಕಳ್ಳರ ಭಯವೊಂದೇ ಕಾರಣವಲ್ಲ. ಒಂದು ವೇಳೆ ಹಡಗು ತಪ್ಪಿತೆನ್ನೋಣ. ಹೊತ್ತಿಗೆ ಸರಿಯಾಗಿ ಬಾರದವರ ಕ್ಯಾಬಿನ್ನನ್ನು ತೆರೆದು, ತಿಜೋರಿಯಲ್ಲಿರುವ ಪಾಸ್‌ಪೋರ್ಟನ್ನು ತೆಗೆದು, ರೇವಿನಲ್ಲಿರುವ ತಮ್ಮ ಏಜೆಂಟರ ಕೈಗೆ ಒಪ್ಪಿಸಿ ಹೊರಡುವುದು ಅನೇಕ ಹಡಗುಗಳ ಪದ್ಧತಿ. ಹಾಸಿಗೆಯ ಕೆಳಗೋ ಪೆಟ್ಟಿಗೆಯ ತಳದ ಸೀರೆಯ ಮಡಿಕೆಯಲ್ಲೋ ಅಡಗಿಸಿಟ್ಟರೆ ಕಳ್ಳನಿಗೂ ಸಿಗದು, ಕಾಪಾಡಬಂದವನಿಗೂ ಸಿಗದು. ಒಯ್ಯಲೇಬೇಕಾದ ಕಡೆ ಅಂಗಿಯ ಒಳಗಿನ ಜೇಬು ಅಥವಾ ಸೊಂಟಕ್ಕೆ ಕಟ್ಟುವ ತೆಳುಚೀಲವೇ ಅದರ ಸ್ಥಾನ. ಹಡಗು ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕಾದಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆಯೂ ಅವಶ್ಯ. ಉಪ್ಪುನೀರಿನಲ್ಲಿ ನೆನೆದು ಅಕ್ಷರ ಕದಡಿದ ಪಾಸ್‌ಪೋರ್ಟು, ಕಳೆದುಹೋದ ಪಾಸ್‌ಪೋರ್ಟಿಗಿಂತ ಬಹಳ ಮೇಲಲ್ಲ.

ನಮ್ಮ ಕುಟುಂಬಗಳ ಒಂದು ಅಭ್ಯಾಸವನ್ನು ಇಲ್ಲಿ ವಿಮರ್ಶಿಸದೆ ಮುಂದುವರಿಯುವಂತಿಲ್ಲ. ಯಾತ್ರೆಗೆ ಹೊರಟ ಮನೆಯಲ್ಲಿ ಯಜಮಾನನ ಕೈಚೀಲವೇ ಭಂಡಾರ. ಆರು ಜನರ ಪಾಸ್‌ಪೋರ್ಟು, ಹಣ, ಕಾರ್ಡುಗಳು, ಔಷಧದ ಚೀಟಿ ಎಲ್ಲವೂ ಅದೊಂದರಲ್ಲಿ. ಉಳಿದವರ ಕೈಯಲ್ಲಿ ಏನೂ ಇಲ್ಲ. ತಾವು ಬಂದ ಹಡಗಿನ ಹೆಸರೂ ಹಲವರಿಗೆ ತಿಳಿಯದು. ಇದನ್ನು ನಾವು ಜವಾಬ್ದಾರಿಯೆಂದು ಭಾವಿಸಿದ್ದೇವೆ. ಒಂದು ಚೀಲ ಹೋದರೆ ಆರು ಜನ ಒಮ್ಮೆಗೇ ಗುರುತಿಲ್ಲದವರಾಗುತ್ತಾರೆ. ಚೀಲ ಹೋಗದಿದ್ದರೂ ಕಷ್ಟ ತಪ್ಪಿದ್ದಲ್ಲ. ಪರಭಾಷೆಯ ಊರಿನ ಜನಸಂದಣಿಯಲ್ಲಿ ಮಗನ ಕೈತಪ್ಪಿದ ಎಪ್ಪತ್ತರ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿರಿ. ಆಕೆ ಕನ್ನಡವಲ್ಲದೆ ಬೇರೆ ಅರಿಯಳು. ಯಾರೆಂದು, ಎಲ್ಲಿಯವಳೆಂದು, ಯಾವ ಹಡಗೆಂದು ಹೇಳತಕ್ಕ ಒಂದು ತುಂಡು ಕಾಗದವೂ ಆಕೆಯ ಸೆರಗಿನಲ್ಲಿಲ್ಲ. ಸಂತೆಗೆ ಹೋಗುವಾಗ ಸೆರಗಿನ ತುದಿಗೆ ಕಾಸು ಗಂಟುಹಾಕುತ್ತಿದ್ದ ವಿವೇಕವು ಹಡಗಿನಲ್ಲಿ ನಮ್ಮನ್ನು ಬಿಟ್ಟುಹೋಗಬೇಕೆ?

ಆದುದರಿಂದ ಮಕ್ಕಳು ಮುದುಕರೆನ್ನದೆ ಪ್ರತಿಯೊಬ್ಬರಲ್ಲಿಯೂ ಮೂರು ವಸ್ತುಗಳಿರಬೇಕು. ಮೊದಲನೆಯದು, ಅವರವರ ಹಡಗಿನ ಕಾರ್ಡು. ಇಳಿಯುವಾಗಲೂ ಹತ್ತುವಾಗಲೂ ಮೆಟ್ಟಿಲ ಬಾಗಿಲಿನಲ್ಲಿ ಅದನ್ನು ಯಂತ್ರಕ್ಕೆ ತೋರಿಸಿದೊಡನೆ ಅವರ ಭಾವಚಿತ್ರ ಕಾವಲಿನವರಿಗೆ ಕಾಣುವುದು. ಎರಡನೆಯದು, ಪಾಸ್‌ಪೋರ್ಟಿನ ಭಾವಚಿತ್ರದ ಪುಟ, ಕೊನೆಯ ಪುಟ, ವೀಸಾ ಇರುವ ಪುಟ, ಇವುಗಳ ನಕಲು. ಮೂರನೆಯದು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಒಂದು ಚೀಟಿ: ಹಡಗಿನ ಹೆಸರು, ನಿಂತ ಕಟ್ಟೆಯ ಹೆಸರು, ಎಲ್ಲರೂ ಹತ್ತಿರಬೇಕಾದ ವೇಳೆ, ರೇವಿನ ಏಜೆಂಟರ ದೂರವಾಣಿ ಸಂಖ್ಯೆ. ವೇಳೆಯ ವಿಷಯದಲ್ಲಿ ಒಂದು ಮಾತು: ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆ ಬೇರೆಯಾಗಿರುವುದುಂಟು, ಹತ್ತುವವರು ನಂಬತಕ್ಕದ್ದು ಹಡಗಿನ ಗಡಿಯಾರವನ್ನು. ಕಾಗದದ ನಕಲಲ್ಲದೆ, ಮೊಬೈಲಿನಲ್ಲಿಯೂ, ಊರಿನಲ್ಲಿರುವ ನಂಬಿಕೆಯ ಬಂಧುವೊಬ್ಬರಲ್ಲಿಯೂ ಒಂದೊಂದು ಪ್ರತಿಯಿದ್ದರೆ ಒಳ್ಳೆಯದು. ಆದರೆ ಕೇಳಿದ ಅಂಗಡಿಯವರಿಗೆಲ್ಲ ನಕಲನ್ನು ಹಂಚಬಾರದು. ಪರದೇಶದಲ್ಲಿ ಆಧಾರ್ ಕಾರ್ಡು ಪಾಸ್‌ಪೋರ್ಟಿನ ಕೆಲಸವನ್ನು ಮಾಡಲಾರದೆಂಬುದನ್ನೂ ಮರೆಯಬಾರದು.

ಸ್ವದೇಶದ ಕಡಲಿನಲ್ಲಿ ಇದೊಂದೂ ಬೇಡವೆಂದು ತಿಳಿಯುವವರಿದ್ದಾರೆ. ಲಕ್ಷದ್ವೀಪವು ಭಾರತದ್ದೇ, ಆದರೂ 1967ರ ನಿಯಮಗಳ ಮೇರೆಗೆ ಅಲ್ಲಿಯವರಲ್ಲದ ಭಾರತೀಯರೂ ಅಪ್ಪಣೆ ಪತ್ರವಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ನಮ್ಮ ಹಳೆಯ ರಹದಾರಿಯು ಇಂದಿಗೂ ಜೀವಂತವಾಗಿರುವ ಸ್ಥಳವದು.

ಹಡಗಿನಲ್ಲಿ ದುಡಿಯುವವರಿಂದ ನಾವು ಕಲಿಯತಕ್ಕದ್ದುಂಟು. ನಾವಿಕರ ಗುರುತಿನ ಪತ್ರವನ್ನು ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2003ರಲ್ಲಿ 185ನೆಯ ಒಪ್ಪಂದವನ್ನು ಮಾಡಿತು. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಗುರುತಿನ ಪತ್ರವು ಸದಾ ನಾವಿಕನ ಬಳಿಯಲ್ಲಿಯೇ ಇರಬೇಕು. ಕಾಪಿಡುವುದಕ್ಕಾಗಿ ಕಪ್ತಾನನು ಇಟ್ಟುಕೊಳ್ಳಬಹುದು, ಆದರೆ ನಾವಿಕನ ಲಿಖಿತ ಒಪ್ಪಿಗೆ ಬೇಕು ಎಂಬುದು ಅದರ ಒಂದು ವಿಧಿ. ಎಷ್ಟು ವಿವೇಕದ ಮಾತು! ಪತ್ರವು ಇಲ್ಲಿರಬೇಕು ಅಥವಾ ಅಲ್ಲಿರಬೇಕು ಎಂಬ ಹಟ ಅದರಲ್ಲಿಲ್ಲ. ಎಲ್ಲಿದ್ದರೂ ಯಾರ ವಶದಲ್ಲಿದೆಯೆಂಬುದು ಸಂಶಯವಿಲ್ಲದೆ ಗೊತ್ತಿರಬೇಕು, ಅಷ್ಟೆ. ನಮ್ಮ ಇಂದಿನ ಮಾತಿನ ತಿರುಳೂ ಇದೇ. “ನನ್ನ ಪಾಸ್‌ಪೋರ್ಟು ಈ ಗಳಿಗೆಯಲ್ಲಿ ಯಾರ ಕಾವಲಿನಲ್ಲಿದೆ?” ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲವನು ಕ್ಷೇಮ. “ಎಲ್ಲೋ ಇರಬೇಕು” ಎನ್ನುವವನು ಕಿಂಡಿಯನ್ನು ತೆರೆದಿಟ್ಟವನು.

ಇಷ್ಟಾದರೂ ಕಳೆದುಹೋದರೆ ಗಾಬರಿಯಾಗದೆ ಕ್ರಮವಾಗಿ ನಡೆಯಬೇಕು. ಮೊದಲು ಹಡಗಿನವರಿಗೂ ಏಜೆಂಟರಿಗೂ ತಿಳಿಸುವುದು. ಒಡನೆಯೇ ಆ ಊರಿನ ಪೊಲೀಸು ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯುವುದು. ಬಳಿಕ ಭಾರತದ ರಾಯಭಾರ ಕಚೇರಿಯನ್ನೋ ಕಾನ್ಸುಲೇಟನ್ನೋ ಕಾಣುವುದು. ನಕಲಿದ್ದವನ ಕೆಲಸ ಅಲ್ಲಿ ಹಗುರ. ಹೊಸ ಪಾಸ್‌ಪೋರ್ಟಿಗೆ ಕಾಯಲು ಅವಕಾಶವಿಲ್ಲದಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟನ್ನು ಕೊಡುವರು. ಆದರೆ ಅದು ತಾಯ್ನಾಡಿಗೆ ಹಿಂದಿರುಗುವುದಕ್ಕೆ ಮಾತ್ರ. ಮುಂದಿನ ರೇವಿಗೆ ಹೋಗಿ ಹಡಗನ್ನು ಹಿಡಿಯುವೆನೆಂದರೆ ಅದು ನಡೆಯದು. ಹಳೆಯ ಪಾಸ್‌ಪೋರ್ಟಿನೊಡನೆ ಅದರಲ್ಲಿದ್ದ ವೀಸಾಗಳೂ ಹೋದುವು. ಯಾನವು ಅಲ್ಲಿಗೇ ಮುಗಿಯಿತು. ಇನ್ನೂ ಒಂದು ಎಚ್ಚರಿಕೆ: ಕಳೆದುಹೋಯಿತೆಂದು ಬರೆಸಿದ ಪಾಸ್‌ಪೋರ್ಟು ಆಮೇಲೆ ಸಿಕ್ಕಿದರೂ ಅದರ ಮೇಲೆ ಪ್ರಯಾಣ ಮಾಡಕೂಡದು. ಕಳುವಾದ ಮತ್ತು ಕಳೆದುಹೋದ ಪತ್ರಗಳ ಪಟ್ಟಿಯನ್ನು ಇಂಟರ್‌ಪೋಲ್ ಸಂಸ್ಥೆಯು 2002ರಿಂದ ಇಟ್ಟುಕೊಂಡು ಬಂದಿದೆ. ಅದರಲ್ಲಿ ಸೇರಿದ ಸಂಖ್ಯೆಯ ಪುಸ್ತಕವನ್ನು ಗಡಿಯಲ್ಲಿ ತೋರಿಸಿದವನು, ತನ್ನದೇ ಪುಸ್ತಕಕ್ಕೆ ತಾನೇ ಸಂಶಯಾಸ್ಪದನಾಗುತ್ತಾನೆ.

ಕಡೆಯದಾಗಿ ನಮ್ಮ ಕರ್ತವ್ಯದ ಒಂದು ಮಾತು. ಪಣಂಬೂರಿನ ನವಮಂಗಳೂರು ಬಂದರಿಗೂ ವಿಹಾರನೌಕೆಗಳು ಬರುತ್ತವೆ. ಬೆಳಗ್ಗೆ ಇಳಿದ ಪರದೇಶಿಯರು ಕದ್ರಿಯ ದೇವಾಲಯವನ್ನೋ, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೋ, ಕಾರ್ಕಳದ ಗೊಮ್ಮಟನನ್ನೋ ನೋಡಿ ಸಂಜೆಗೆ ಮರಳುವರು. ಆ ದಿನ ಬಸದಿಯ ಜಗಲಿಯ ಮೇಲೆ ಒಂದು ಪಾಸ್‌ಪೋರ್ಟು ಬಿದ್ದಿರುವುದನ್ನು ಕಂಡರೆ, ‘ಯಾರದೋ, ನಮಗೇಕೆ?’ ಎಂದು ದಾಟಿಹೋಗಬಾರದು. ನಾಳೆ ನೋಡೋಣವೆಂದು ಮನೆಗೆ ಒಯ್ಯುವುದೂ ಸಲ್ಲದು. ಹಡಗು ಹೊರಡುವುದರೊಳಗೆ ಅದು ಪೊಲೀಸರ ಕೈಸೇರಬೇಕು. ನಮಗೆ ಅದು ಐದು ನಿಮಿಷದ ಕೆಲಸ. ಕಳೆದುಕೊಂಡವನಿಗೆ ಅದು ಮನೆಯ ದಾರಿ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಬಾಗಿಲನ್ನು ಮೊದಲೇ ಹಾಕುವುದಕ್ಕೆ ದೊಡ್ಡ ಸಾಹಸ ಬೇಕಾಗಿಲ್ಲ. ಇಳಿಯುವ ಮುನ್ನ ಮೆಟ್ಟಿಲ ಬಳಿ ಅರೆನಿಮಿಷ ನಿಂತು, ಜೊತೆಯವರೆಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿರಿ: ಪಾಸ್‌ಪೋರ್ಟು ಯಾರ ಕಾವಲಿನಲ್ಲಿದೆ, ಚೀಟಿ ಕೈಯಲ್ಲಿದೆಯೆ, ಹಡಗು ಎಷ್ಟು ಹೊತ್ತಿಗೆ? ಮೂರಕ್ಕೂ ಉತ್ತರ ಬಂದರೆ ನಿಶ್ಚಿಂತೆಯಿಂದ ಊರು ನೋಡಲು ಹೊರಡಬಹುದು.